ಟರ್ಕಿ ಕೋಳಿಯ ಕೂಗಿನಿಂದ ಬಂದ ಪದ

ಓದುಗರ ಪತ್ರ: ಇಂಗ್ಲಿಷ್ ಲೇಖನವೊಂದರಲ್ಲಿ ‘ಗಾಬಲ್‌ಡಿಗೂಕ್’ ಎಂಬ ಪದ ಸಿಕ್ಕಿತು. ‘ಅಸಂಬದ್ಧ ಪ್ರಲಾಪ’ ಎಂದು ಅನುವಾದಿಸಿದೆ. ಸರಿಯೇ? ಈ ಪದ ಎಲ್ಲಿಂದ ಬಂತು?

ಸಂಪಾದಕರ ಉತ್ತರ: ನಿಮ್ಮ ಅನುವಾದ ಅರ್ಧ ಸರಿ. ಪ್ರಲಾಪಕ್ಕೆ ತಲೆಬುಡ ಇರುವುದಿಲ್ಲ. ಗಾಬಲ್‌ಡಿಗೂಕ್‌ಗೆ ಸಾಮಾನ್ಯವಾಗಿ ಎರಡೂ ಇರುತ್ತವೆ, ಭಾರದ ಪದಗಳಡಿ ಹೂತುಹೋಗಿರುತ್ತವೆ ಅಷ್ಟೆ. ಇಲ್ಲಿ ಅರ್ಥಕ್ಕಿಂತ ಗತ್ತು ಹೆಚ್ಚು. ಹಾಗಾಗಿ ‘ಶಬ್ದಾಡಂಬರ’ ಎಂದರೆ ಹೆಚ್ಚು ಹತ್ತಿರ.

ಇದರ ಹುಟ್ಟಿನ ವಿಷಯದಲ್ಲಿ ನಾವು ಅದೃಷ್ಟವಂತರು. ಹೆಚ್ಚಿನ ಪದಗಳನ್ನು ಯಾರು ಟಂಕಿಸಿದರೆಂದು ಹೇಳುವುದೇ ಕಷ್ಟ. ಇದರ ಹಿಂದೆ ಇರುವ ವ್ಯಕ್ತಿ, ವರ್ಷ, ಕಾಗದ ಎಲ್ಲವೂ ಗೊತ್ತು. ಅಮೆರಿಕದ ಟೆಕ್ಸಸ್‌ನ ಮೌರಿ ಮೇವರಿಕ್ 1944ರಲ್ಲಿ, ಯುದ್ಧಕಾಲದ ಉತ್ಪಾದನೆಯಲ್ಲಿ ಸಣ್ಣ ಕಾರ್ಖಾನೆಗಳನ್ನು ತೊಡಗಿಸುವ ಸರ್ಕಾರಿ ನಿಗಮದ ಅಧ್ಯಕ್ಷರಾಗಿದ್ದರು. ಮೇಜಿಗೆ ಬರುತ್ತಿದ್ದ ಉದ್ದುದ್ದ ಟಿಪ್ಪಣಿಗಳಿಂದ ರೋಸಿಹೋಗಿ ಸಿಬ್ಬಂದಿಗೆ ಒಂದು ಸುತ್ತೋಲೆ ಹೊರಡಿಸಿದರು. ವಿಷಯವನ್ನೂ ತೀರ್ಮಾನವನ್ನೂ ಮೊದಲ ಪ್ಯಾರಾದಲ್ಲೇ ಹೇಳಿ. ಇಡೀ ಸಂಗತಿ ಒಂದು ಪುಟದಲ್ಲಿ ಮುಗಿಯಲಿ. ಗಾಬಲ್‌ಡಿಗೂಕ್ ಭಾಷೆ ಬೇಡ. ‘ಆಕ್ಟಿವೇಶನ್’, ‘ಇಂಪ್ಲಿಮೆಂಟೇಶನ್’ ಎಂದು ಬರೆದವರಿಗೆ ಗುಂಡಿಕ್ಕಲಾಗುವುದು ಎಂಬ ಗದರಿಕೆಯೂ ಅದರಲ್ಲಿತ್ತು. ಮಾದರಿಯಾಗಿ ಅವರು ಕೊಟ್ಟದ್ದು ನೌಕಾಪಡೆಯವರೊಬ್ಬರ ತಂತಿ ಸಂದೇಶ. ಇಂಗ್ಲಿಷಿನಲ್ಲಿ ಅದು ನಾಲ್ಕೇ ಪದ: ಜಲಾಂತರ್ಗಾಮಿ ಕಂಡೆ, ಮುಳುಗಿಸಿದೆ.

ಈ ಪದ ಎಲ್ಲಿ ಸಿಕ್ಕಿತೆಂದು ಜನ ಕೇಳಿದಾಗ ಮೇವರಿಕ್ ತಮ್ಮ ಟೆಕ್ಸಸ್‌ನ ಟರ್ಕಿ ಹುಂಜವನ್ನು ನೆನೆದರು. ಎದೆಯುಬ್ಬಿಸಿ, ಗತ್ತಿನಿಂದ ನಡೆಯುತ್ತಾ, ಬಿಡದೆ ‘ಗಾಬಲ್ ಗಾಬಲ್’ ಎಂದು ಕೂಗುವ ಹಕ್ಕಿ. ಕೂಗಿನ ಕೊನೆಗೆ ‘ಗೂಕ್’ ಎಂಬಂಥ ಒಂದು ಸದ್ದು. ನಮ್ಮ ‘ಬಡಬಡ’, ‘ಗೊಣಗೊಣ’ಗಳಂತೆ ಇದೂ ಅನುಕರಣ ಶಬ್ದವೇ. ಆದರೆ ಇಲ್ಲಿ ಸದ್ದಿನ ಜೊತೆ ಆ ನಡಿಗೆಯೂ ಸೇರಿಕೊಂಡಿದೆ, ಪದದ ಕಸುವು ಇರುವುದೇ ಅಲ್ಲಿ.

ಇನ್ನೊಂದು ಸೊಗಸಾದ ಸಂಗತಿ: ಮೌರಿಯ ಅಜ್ಜ ಸ್ಯಾಮ್ಯುಯಲ್ ಮೇವರಿಕ್ ತಮ್ಮ ದನಗಳಿಗೆ ಗುರುತಿನ ಬರೆ ಹಾಕಿಸದೆ ಬಿಟ್ಟಿದ್ದರಿಂದ, ಬರೆಯಿಲ್ಲದ ದನಕ್ಕೆ ‘ಮೇವರಿಕ್’ ಎಂಬ ಹೆಸರು ಬಂತು. ಮುಂದೆ ಅದು ಯಾವ ಗುಂಪಿಗೂ ಸೇರದೆ ತನ್ನ ದಾರಿ ಹಿಡಿಯುವ ಮನುಷ್ಯನಿಗೂ ಅಂಟಿಕೊಂಡಿತು. ಒಂದೇ ಮನೆತನದಿಂದ ಇಂಗ್ಲಿಷಿಗೆ ಎರಡು ಪದ!

ಬಳಸುವಾಗ ಹೆಚ್ಚಾಗಿ ತಪ್ಪುವುದು ‘ಜಾರ್ಗನ್’ ಜೊತೆ. ಇಬ್ಬರು ವೈದ್ಯರು ಹೃದಯಾಘಾತಕ್ಕೆ ತಮ್ಮಲ್ಲಿ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂದರೆ ಅದು ಜಾರ್ಗನ್, ಅಂದರೆ ವೃತ್ತಿಯ ಪರಿಭಾಷೆ. ಅದರಲ್ಲಿ ತಪ್ಪಿಲ್ಲ, ಅದು ನಿಖರ, ಚುಟುಕು. ‘ಜಿಬರಿಷ್’ ಎಂಬುದು ಅರ್ಥವೇ ಆಗದ ಬಡಬಡಿಕೆ. ನಿಮ್ಮ ‘ಪ್ರಲಾಪ’ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಗಾಬಲ್‌ಡಿಗೂಕ್ ಹೀಗಿರುತ್ತದೆ: ‘ಮಾನವ ಸಂಪನ್ಮೂಲದ ತರ್ಕಬದ್ಧ ಮರುಹೊಂದಾಣಿಕೆ ಪ್ರಕ್ರಿಯೆಯ ಅನುಷ್ಠಾನವನ್ನು ಕೈಗೊಳ್ಳಲಾಗುವುದು.’ ಇದರಲ್ಲಿ ಯಾರು, ಏನು ಮಾಡುತ್ತಾರೆ ಎಂದು ಹುಡುಕಿ. ಸಿಕ್ಕಿದ್ದನ್ನು ಸರಳವಾಗಿ ಬರೆಯಿರಿ: ‘ಕೆಲವರನ್ನು ಕೆಲಸದಿಂದ ತೆಗೆಯುತ್ತೇವೆ.’ ಹೀಗೆ ಬಿಡಿಸಿ ಬರೆದಾಗ ವಿಷಯ ಏನೂ ಸೋರದೆ ಪದಗಳು ಮಾತ್ರ ಉದುರಿದರೆ, ಮೂಲ ವಾಕ್ಯ ಗಾಬಲ್‌ಡಿಗೂಕ್. ಪರಿಭಾಷೆಯನ್ನು ಹೀಗೆ ಬಿಡಿಸಲು ಹೋದರೆ ವಾಕ್ಯ ಉದ್ದವಾಗುತ್ತದೆ, ಇಲ್ಲವೇ ನಿಖರತೆ ಕೈಬಿಡುತ್ತದೆ. ಹೊಣೆ ಯಾರದೆಂದು ತಿಳಿಯದಂತೆ ಮಾಡುವ ‘ಕೈಗೊಳ್ಳಲಾಗುವುದು’ ಇಂಥ ವಾಕ್ಯಗಳ ಅಚ್ಚುಮೆಚ್ಚಿನ ಮರೆ.

ವ್ಯಾಕರಣ ಸುಲಭ. ಇದು ನಾಮಪದ, ಎಣಿಸಲು ಬಾರದ್ದು; ಸಾಮಾನ್ಯವಾಗಿ ಇದಕ್ಕೆ ಮೊದಲು ‘ಎ’ (a) ಎಂಬ ಉಪಪದ ಬೇಡ, ಬಹುವಚನವೂ ಬೇಡ. ಒತ್ತು ಮೊದಲ ‘ಗಾ’ ಮೇಲೆ. ‘ಡಿ’ಯ ಸ್ವರಕ್ಕೆ ‘ವೈ’ (y) ಬರೆಯುವುದು ರೂಢಿ, ಬ್ರಿಟನ್ನಿನಲ್ಲಿ ‘ಇ’ (e) ಕೂಡ ಕಾಣುತ್ತದೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಕೊನೆಯ ತುಂಡನ್ನು ಕತ್ತರಿಸಿ ಒಂಟಿಯಾಗಿ ಬಳಸಬೇಡಿ. ಹಾಗೆ ಬಳಸಿದರೆ ಅದು ಏಷ್ಯಾದ ಜನರನ್ನು ಹೀಯಾಳಿಸುವ ಕೆಟ್ಟ ಬೈಗುಳವಾಗುತ್ತದೆ.