ಮಾತ್ರೆಗೆ ಇಳಿದ ಜ್ವರ: ಮಗನನ್ನು ಶಾಲೆಗೆ ಕಳಿಸಬಹುದಾ?

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಹತ್ತು ದಿನದಿಂದ ಅವನ ಕ್ಲಾಸಿನಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಜ್ವರ, ಕೆಮ್ಮು. ಫ್ಲೂ ಅಂತಾರೆ. ನಿನ್ನೆ ಇವನಿಗೂ ಶುರುವಾಯಿತು. ಬೆಳಗಿನ ಜಾವ ಪ್ಯಾರಸಿಟಮಾಲ್ ಕೊಟ್ಟೆ, ಈಗ ಮೈ ತಣ್ಣಗಿದೆ. ಪರೀಕ್ಷೆ ಹತ್ತಿರ ಬಂತು. ಮಾಸ್ಕ್ ಹಾಕಿಸಿ ಕಳಿಸಬಹುದಾ ಡಾಕ್ಟ್ರೇ? ಇಷ್ಟು ದೊಡ್ಡ ಮಕ್ಕಳಲ್ಲೂ ಹೀಗೆ ಹರಡುತ್ತದಾ?

ಉತ್ತರ: ಇವತ್ತು ಕಳಿಸಬೇಡಿ ಅಮ್ಮಾ. ಈ ಮಾತ್ರೆ ಜ್ವರವನ್ನು ನಾಲ್ಕರಿಂದ ಆರು ಗಂಟೆ ಇಳಿಸುತ್ತದೆ, ಅಷ್ಟೇ. ವೈರಸ್ಸನ್ನು ಅದು ಏನೂ ಮಾಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈ ಮತ್ತೆ ಸುಡುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದವರಿಗೂ ಅಂಟಿರುತ್ತದೆ. ಮಾತ್ರೆ ಕೊಡದೆಯೂ 24 ಗಂಟೆ ಜ್ವರ ಬರಲಿಲ್ಲ, ಊಟ ಸೇರುತ್ತಿದೆ, ಸುಸ್ತು ಕಡಿಮೆಯಾಗಿದೆ ಅಂದರೆ ಕಳಿಸಿ. ಆಮೇಲೂ ಕೆಮ್ಮು ಒಂದೆರಡು ವಾರ ಎಳೆಯಬಹುದು. ಆಗ ಮಾಸ್ಕ್ ಹಾಕಿಕೊಂಡು ಹೋಗಲಿ.

ಈ ವಯಸ್ಸಿನವರಲ್ಲಿ ಹರಡದೆ ಇರುತ್ತದಾ? ಒಂದೇ ಬಾಟಲಿಯ ನೀರು, ಒಬ್ಬರ ಇಯರ್‌ಫೋನ್ ಇನ್ನೊಬ್ಬರ ಕಿವಿಗೆ, ಶಾಲೆ ಬಿಟ್ಟರೆ ಟ್ಯೂಷನ್. ಜೊತೆಗೆ ಪಾಠ ತಪ್ಪೀತು, ಆಟದ ತಂಡದಿಂದ ಬಿಟ್ಟಾರು ಅಂತ ಮೈ ಬಿಸಿಯಾದರೂ ಹೇಳುವುದಿಲ್ಲ. ನನಗೆ ಜಾಸ್ತಿ ಚಿಂತೆ ಅದರದ್ದೇ. ಹಾಗಂತ ‘ಯಾರಿಂದ ಬಂತು’ ಅಂತ ಹುಡುಕಲು ಹೋಗಬೇಡಿ. ಫ್ಲೂ ಲಕ್ಷಣ ಕಾಣುವ ಒಂದು ದಿನ ಮೊದಲೇ ಹರಡಲು ಶುರುವಾಗುತ್ತದೆ. ಆ ಮಗುವಿಗೇ ಗೊತ್ತಿರುವುದಿಲ್ಲ, ಪಾಪ.

ಎಲ್ಲ ಕಾಯಿಲೆಗೂ ಒಂದೇ ಲೆಕ್ಕ ಅಲ್ಲ. ಚಿಕನ್‌ಪಾಕ್ಸ್ ಆದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆ. ಪುಟ್ಟ ಮಕ್ಕಳಿಗಿಂತ ಹದಿಹರೆಯದವರನ್ನು ಅದು ಜಾಸ್ತಿ ಕಾಡುತ್ತದೆ. ಮಂಪ್ಸ್‌ಗೆ ಕೆನ್ನೆ ಊದಿದ ಮೇಲೆ 5 ದಿನ. ವಾಂತಿ-ಭೇದಿ ನಿಂತ ಮೇಲೆ 48 ಗಂಟೆ. ವಾಂತಿ-ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ಹಚ್ಚಿ 20 ಸೆಕೆಂಡ್ ಕೈ ತಿಕ್ಕಿ ತೊಳೆಯಬೇಕು. ದಡಾರದ ವೈರಸ್ ಅಂತೂ ರೋಗಿ ಎದ್ದು ಹೋದ ಮೇಲೂ 2 ಗಂಟೆವರೆಗೆ ಕೋಣೆಯ ಗಾಳಿಯಲ್ಲಿ ಇರಬಲ್ಲದು. ಅದಕ್ಕೇ ಕ್ಲಾಸಿನ ಕಿಟಕಿ ತೆರೆದಿಡಿ ಅಂತ ಶಿಕ್ಷಕರಿಗೆ ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಮಗನ ಲಸಿಕೆ ಕಾರ್ಡ್ ಕೊನೆಯ ಸಲ ಯಾವಾಗ ನೋಡಿದಿರಿ? ಮಕ್ಕಳು ಶಾಲೆಗೆ ಸೇರಿದ ಮೇಲೆ ತುಂಬಾ ಮನೆಗಳಲ್ಲಿ ಅದು ಬೀರು ಸೇರಿಬಿಡುತ್ತದೆ. ದಡಾರ, ಮಂಪ್ಸ್ ಲಸಿಕೆ ಎರಡು ಡೋಸ್ ಆಗಿದೆಯಾ, ಟಿಟನಸ್-ಡಿಫ್ತೀರಿಯಾ ಬೂಸ್ಟರ್ ಬಾಕಿ ಇದೆಯಾ ನೋಡಿ. ತಪ್ಪಿದ್ದರೆ ಈಗಲೂ ಹಾಕಿಸಬಹುದು.

ಜ್ವರಕ್ಕೆ ಆಸ್ಪಿರಿನ್ ಕೊಡಲೇಬೇಡಿ. ಫ್ಲೂ, ಚಿಕನ್‌ಪಾಕ್ಸ್ ಇದ್ದಾಗ ಮಕ್ಕಳಿಗೆ ಅದು ಅಪರೂಪಕ್ಕೆ ಮೆದುಳಿಗೂ ಲಿವರ್‌ಗೂ ಕುತ್ತು ತರುತ್ತದೆ. ಹಳೇ ಚೀಟಿ ಹಿಡಿದು ಸುಮ್ನೆ ಆ್ಯಂಟಿಬಯೋಟಿಕ್ ತರುವುದೂ ಬೇಡ, ವೈರಸ್‌ಗೆ ಅದರಿಂದ ಉಪಯೋಗವಿಲ್ಲ.

ಉಸಿರಾಡಲು ಕಷ್ಟ, ಕತ್ತು ಬಗ್ಗಿಸಲಾಗದಷ್ಟು ಬಿಗಿತ, ಮಂಕು, ಒತ್ತಿದರೂ ಮಾಸದ ಕೆಂಪು ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಜ್ವರ ಪೂರ್ತಿ ಬಿಟ್ಟು ಎರಡು ದಿನದ ಮೇಲೆ ಮತ್ತೆ ಏರಿದರೂ ಡಾಕ್ಟರಿಗೆ ತೋರಿಸಿ.

ಈಗ ಕ್ಲಾಸ್ ಟೀಚರಿಗೆ ಒಂದು ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿ. ನೋಟ್ಸ್ ಗೆಳೆಯರ ಹತ್ತಿರ ಮೊಬೈಲಿಗೇ ಹಾಕಿಸಿಕೊಳ್ಳಬಹುದು, ಅಲ್ವಾ?