ಕನ್ನಡ ಸಂಘದ ಜಾಲತಾಣಕ್ಕೆ ತಿಂಗಳಿಗೆ ಎಷ್ಟು ಬ್ಯಾಂಡ್‌ವಿಡ್ತ್ ಬೇಕಾಗುತ್ತದೆ?

ಡೊಂಬಿವಲಿಯ ನಿಮ್ಮ ಕನ್ನಡ ಸಂಘದ ಜಾಲತಾಣದಲ್ಲಿ ಮಾಸಪತ್ರಿಕೆಯ ಪಿಡಿಎಫ್, ಯಕ್ಷಗಾನ ಮತ್ತು ರಾಜ್ಯೋತ್ಸವದ ಫೋಟೋಗಳು ಇರಲಿವೆ ಎಂದೂ, ಒಂದು ಕಂಪನಿ ತಿಂಗಳಿಗೆ 100 ಜಿಬಿ ಬ್ಯಾಂಡ್‌ವಿಡ್ತ್ (ಅಂದರೆ ಜಾಲತಾಣದಿಂದ ಓದುಗರಿಗೆ ಹೋಗುವ ಡೇಟಾ) ಕೊಡುತ್ತಿದ್ದರೆ ಇನ್ನೊಂದು ಹೆಚ್ಚಿನ ಹಣಕ್ಕೆ ‘ಅನ್‌ಲಿಮಿಟೆಡ್’ ಎನ್ನುತ್ತಿದೆ ಎಂದೂ ಬರೆದು, ಯಾವುದನ್ನು ಕೊಳ್ಳಬೇಕೆಂದು ಕೇಳಿದ್ದೀರಿ. ಪುಣೆಯಲ್ಲಿ ಇಂಥದೇ ಸಣ್ಣ ಸಂಘಗಳ ಜಾಲತಾಣಗಳನ್ನು ನೋಡಿಕೊಳ್ಳುತ್ತಿರುವ ನನ್ನ ಅಭಿಪ್ರಾಯದಲ್ಲಿ 100 ಜಿಬಿ ನಿಮಗೆ ಸಾಕು. ಆದರೆ ಫೋಟೋಗಳನ್ನು ಮೊಬೈಲಿನಿಂದ ತೆಗೆದ ಹಾಗೆಯೇ ಏರಿಸಿದರೆ ಅದೂ ಸಾಲದೆ ಹೋದೀತು.

ಲೆಕ್ಕ ಹಾಕುವ ಕ್ರಮ ಸರಳವಾಗಿದೆ. ತಿಂಗಳಿನ ಭೇಟಿಗಳನ್ನು ಪ್ರತಿ ಭೇಟಿಯಲ್ಲಿ ತೆರೆಯುವ ಪುಟಗಳ ಸಂಖ್ಯೆಯಿಂದಲೂ ಒಂದು ಪುಟದ ಗಾತ್ರದಿಂದಲೂ ಗುಣಿಸಬೇಕು. 3,000 ಭೇಟಿ, ಪ್ರತಿ ಭೇಟಿಗೆ 4 ಪುಟ, ಪುಟವೊಂದಕ್ಕೆ 2 ಎಂಬಿ ಎಂದು ಹಿಡಿದರೆ 24 ಜಿಬಿ ಆಗುತ್ತದೆ. 20 ಎಂಬಿಯ ಪತ್ರಿಕೆಯನ್ನು 600 ಸಲ ಇಳಿಸಿಕೊಂಡರೆ ಇನ್ನೂ 12 ಜಿಬಿ ಸೇರುತ್ತದೆ. ಕನ್ನಡ ಅಕ್ಷರಗಳು ಹೆಚ್ಚು ಜಾಗ ಹಿಡಿಯುತ್ತವೆ ಎಂಬ ಅಳುಕು ಬೇಡ: ಜಾಲತಾಣಗಳು ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾದರೂ 4,000 ಸಂಕೇತಗಳ ಲೇಖನವೊಂದು 12 ಕೆಬಿ ದಾಟುವುದಿಲ್ಲ, ಸರ್ವರ್ ಅದನ್ನು ಸಂಕುಚಿಸಿ ಕಳುಹಿಸಿದರೆ ಮತ್ತೂ ಕಿರಿದಾಗುತ್ತದೆ.

ಭಾರವೆಲ್ಲ ಚಿತ್ರಗಳದ್ದು. ತಲಾ 4 ಎಂಬಿಯ 60 ಫೋಟೋಗಳಿರುವ ಒಂದು ಆಲ್ಬಮ್ 240 ಎಂಬಿ ಆಗುತ್ತದೆ, ಅದನ್ನು 300 ಮಂದಿ ಪೂರ್ತಿ ನೋಡಿದರೆ 72 ಜಿಬಿ; ಮೇಲಿನ 36 ಜಿಬಿಯೊಂದಿಗೆ ಕೂಡಿಸಿದರೆ ಒಟ್ಟು 108 ಜಿಬಿಯಾಗಿ ನಿಮ್ಮ ಮಿತಿ ಮೀರುತ್ತದೆ. ಅದೇ ಫೋಟೋಗಳನ್ನು ಪರದೆಗೆ ತಕ್ಕಷ್ಟು ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರವಾದ ಚಿತ್ರರೂಪದಲ್ಲಿ ತಲಾ 200 ಕೆಬಿಗೆ ತಂದರೆ ಆಲ್ಬಮ್ 12 ಎಂಬಿ ಆಗುತ್ತದೆ, 300 ಮಂದಿಗೆ 3.6 ಜಿಬಿ ಸಾಕಾಗುತ್ತದೆ. ಆಗ ಒಟ್ಟು ಸುಮಾರು 40 ಜಿಬಿ. ಬೆಳವಣಿಗೆಗೂ ಸರ್ಚ್ ಎಂಜಿನ್‌ಗಳ ಬಾಟ್‌ಗಳಿಗೂ (ಪುಟಗಳನ್ನು ತಾವಾಗಿಯೇ ತೆರೆದು ಓದುವ ತಂತ್ರಾಂಶಗಳಿಗೂ) ಅರ್ಧದಷ್ಟು ಹೆಚ್ಚು ಸೇರಿಸಿಕೊಂಡರೂ 60 ಜಿಬಿ. ಯಕ್ಷಗಾನದ ವಿಡಿಯೋವನ್ನು ಮಾತ್ರ ದಯವಿಟ್ಟು ನಿಮ್ಮ ಸರ್ವರ್‌ನಲ್ಲಿ ಇಡಬೇಡಿ. ಸೆಕೆಂಡಿಗೆ 2 ಮೆಗಾಬಿಟ್‌ನ ಎರಡು ಗಂಟೆಯ ಪ್ರಸಂಗ 1.8 ಜಿಬಿ ಆಗುತ್ತದೆ (8 ಮೆಗಾಬಿಟ್ ಸೇರಿದರೆ 1 ಎಂಬಿ), 50 ಮಂದಿ ನೋಡುವಷ್ಟರಲ್ಲಿ 90 ಜಿಬಿ ಮುಗಿದಿರುತ್ತದೆ. ಅದನ್ನು ಯೂಟ್ಯೂಬ್‌ಗೆ ಹಾಕಿ ಪುಟದಲ್ಲಿ ಜೋಡಿಸಿದರೆ ಆ ಡೇಟಾ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ.

ತಿಂಗಳಿನ ಮೊತ್ತಕ್ಕಿಂತಲೂ ನಾನು ಹೆಚ್ಚು ಚಿಂತಿಸುವುದು ಅತ್ಯಂತ ದಟ್ಟಣೆಯ ಐದು ನಿಮಿಷಗಳ ಬಗ್ಗೆ. ಸಂಘದ ಓದುಗರು ದಿನವಿಡೀ ಹಂಚಿಹೋಗಿ ಬರುವವರಲ್ಲ. ರಾತ್ರಿ ಒಂಬತ್ತಕ್ಕೆ ಕಾರ್ಯದರ್ಶಿಗಳು ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಕಳುಹಿಸಿದೊಡನೆ ಊಟ ಮುಗಿಸಿ ಕುಳಿತ ಎಲ್ಲರೂ ಒಟ್ಟಿಗೇ ಒತ್ತುತ್ತಾರೆ. 200 ಮಂದಿ ಐದು ನಿಮಿಷದಲ್ಲಿ 2 ಎಂಬಿಯ ಮುಖಪುಟವನ್ನು ತೆರೆದರೆ ಸೆಕೆಂಡಿಗೆ ಸುಮಾರು 11 ಮೆಗಾಬಿಟ್ ಸಾಕು. ಆದರೆ ಅವರೆಲ್ಲರೂ 20 ಎಂಬಿಯ ಪಿಡಿಎಫ್ ಇಳಿಸಿಕೊಳ್ಳತೊಡಗಿದರೆ ಸೆಕೆಂಡಿಗೆ 107 ಮೆಗಾಬಿಟ್ ಬೇಕಾಗುತ್ತದೆ, ಅಂದರೆ 100 ಮೆಗಾಬಿಟ್‌ನ ಸಂಪರ್ಕವೂ ಕಟ್ಟಿಕೊಳ್ಳುತ್ತದೆ, ಅದೂ ತಿಂಗಳಿನ ಲೆಕ್ಕದಲ್ಲಿ ಬರೀ 4 ಜಿಬಿ ಖರ್ಚಾಗಿರುವಾಗ. ಪತ್ರಿಕೆಯನ್ನು ಮುದ್ರಿಸಿ ಸ್ಕ್ಯಾನ್ ಮಾಡುವ ಬದಲು, ಪುಟವಿನ್ಯಾಸದ ಕಡತದಿಂದಲೇ ನೇರವಾಗಿ ಪಿಡಿಎಫ್ ತೆಗೆದು 5 ಎಂಬಿಯೊಳಗೆ ತಂದರೆ ಅದೇ ದಟ್ಟಣೆಗೆ 27 ಮೆಗಾಬಿಟ್ ಸಾಲುತ್ತದೆ. ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್‌ನ (ಕಡತಗಳ ಪ್ರತಿಗಳನ್ನು ಹಲವು ಊರುಗಳ ಸರ್ವರ್‌ಗಳಲ್ಲಿಟ್ಟು ಹಂಚುವ ಜಾಲದ) ಉಚಿತ ಯೋಜನೆಯನ್ನು ನಿಮ್ಮ ಸರ್ವರ್‌ನ ಮುಂದಿಟ್ಟರೆ ಚಿತ್ರಗಳ ಹೆಚ್ಚಿನ ಭಾಗವನ್ನು ಅದೇ ಹೊರುತ್ತದೆ.

‘ಅನ್‌ಲಿಮಿಟೆಡ್’ ಯೋಜನೆಗೆ ಹೆಚ್ಚು ಹಣ ಕೊಡುವುದನ್ನು ನಾನು ಒಪ್ಪುವುದಿಲ್ಲ. ಹಲವು ಜಾಲತಾಣಗಳು ಹಂಚಿಕೊಳ್ಳುವ ಸರ್ವರ್‌ಗಳಲ್ಲಿ ಡೇಟಾಗೆ ಮಿತಿ ಹಾಕದಿದ್ದರೂ ಸಿಪಿಯು, ಮೆಮೊರಿ, ಕಡತಗಳ ಸಂಖ್ಯೆ, ಏಕಕಾಲದ ಸಂಪರ್ಕಗಳು ಇವುಗಳಿಗೆ ಸಾಮಾನ್ಯವಾಗಿ ಮಿತಿಯಿರುತ್ತದೆ, ಆ ಒಂಬತ್ತು ಗಂಟೆಯ ದಟ್ಟಣೆಯಲ್ಲಿ ಮೊದಲು ತಗಲುವುದು ಅವೇ. ಸರ್ವರ್ ಮುಂಬಯಿಯಲ್ಲಿದ್ದರೆ ಪುಟ ಬೇಗ ತೆರೆದೀತು, ಆದರೆ ಅದರಿಂದ ಬೇಕಾಗುವ ಡೇಟಾ ಕಡಿಮೆಯಾಗುವುದಿಲ್ಲ.

ಹಣ ಕಟ್ಟುವ ಮೊದಲು ಕಂಪನಿಯಿಂದ ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ: 100 ಜಿಬಿ ಮೀರಿದ ದಿನ ಜಾಲತಾಣವನ್ನು ನಿಲ್ಲಿಸುತ್ತಾರೆಯೇ ಅಥವಾ ಪ್ರತಿ ಜಿಬಿಗೆ ಇಷ್ಟೆಂದು ಶುಲ್ಕ ಹಾಕುತ್ತಾರೆಯೇ; ಮತ್ತು ತಿಂಗಳ ನಡುವೆ ಮೇಲಿನ ಯೋಜನೆಗೆ ಬದಲಾಯಿಸಬಹುದೇ. ಮೂರು ವರ್ಷದ ಹಣವನ್ನು ಒಟ್ಟಿಗೇ ಕಟ್ಟದೆ ಸಾಧ್ಯವಾದಷ್ಟು ಕಡಿಮೆ ಅವಧಿಗೆ ಕೊಂಡು, ಮೊದಲ ಎರಡು ತಿಂಗಳು ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಬದಲು ಸಿಪ್ಯಾನೆಲ್‌ನ (ಸರ್ವರ್ ನಿರ್ವಹಣೆಯ ಪುಟದ) ಬ್ಯಾಂಡ್‌ವಿಡ್ತ್ ಅಂಕಿಗಳನ್ನೇ ನೋಡಿ, ಏಕೆಂದರೆ ಬಾಟ್‌ಗಳೂ ನೇರವಾಗಿ ಇಳಿಸಿಕೊಂಡ ಪಿಡಿಎಫ್‌ಗಳೂ ಸರ್ವರ್‌ನ ಲೆಕ್ಕದಲ್ಲಿ ಮಾತ್ರ ಪೂರ್ತಿಯಾಗಿ ಕಾಣಿಸುತ್ತವೆ. ನವೆಂಬರ್ 1ರ ಸಂಭ್ರಮ ಬರುವ ಹೊತ್ತಿಗೆ ನಿಮ್ಮದೇ ಅಂಕಿಗಳು ಕೈಯಲ್ಲಿದ್ದರೆ, ಆ ತಿಂಗಳಿಗೆ ಮಾತ್ರ ದೊಡ್ಡ ಯೋಜನೆ ಬೇಕೇ ಎಂಬುದನ್ನು ಸಮಿತಿಯ ಮುಂದೆ ಧೈರ್ಯವಾಗಿ ಹೇಳಬಹುದು.