ಮಳೆಗೆ ಬೈಯುವ ಮೊದಲು ಕಾಲು ನೋಡಿ

ಪ್ರಶ್ನೆ: ಸರ್, ನಾನು ನಾಪೋಕ್ಲು ಕಡೆಯ ಐಟಿಐ ವಿದ್ಯಾರ್ಥಿ. ಗಿಟಾರಿಗೆ ಎರಡು ಟ್ರಾನ್ಸಿಸ್ಟರಿನ ಫಝ್ ಪೆಡಲ್ (ಕಾಲಲ್ಲಿ ಒತ್ತಿದರೆ ಸ್ವರವನ್ನು ಒರಟಾಗಿಸುವ ಪೆಟ್ಟಿಗೆ) ಮಾಡಿ ಅಜ್ಜಿಯ ಬಿಸ್ಕತ್ ಡಬ್ಬದಲ್ಲಿ ಕೂರಿಸಿದ್ದೇನೆ. ಜೊತೆಗಿಟ್ಟಿರುವ ಸರ್ಕ್ಯೂಟ್ ಚಿತ್ರದಲ್ಲಿ 2ಎನ್3904 ಟ್ರಾನ್ಸಿಸ್ಟರ್ ಇತ್ತು. ಸಿಗಲಿಲ್ಲ ಅಂತ ಅದೇ ತೂತುಗಳಿಗೆ ಬಿಸಿ547 ಹಾಕಿದೆ. ಸ್ವಿಚ್ ಒತ್ತದಿದ್ದರೆ ಗಿಟಾರ್ ಚೆನ್ನಾಗಿ ಕೇಳುತ್ತದೆ. ಒತ್ತಿದರೆ, ತಂತಿ ಜೋರಾಗಿ ಬಾರಿಸಿದಾಗ ಮಾತ್ರ ‘ಪರ್’ ಅಂದು ಸತ್ತುಹೋಗುತ್ತದೆ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿನಲ್ಲಿ 1.2 ವೋಲ್ಟ್ ಇದೆ. ಎಲ್‌ಇಡಿ ದೀಪಕ್ಕೆ 470 ಓಮ್ ರೆಸಿಸ್ಟರ್ ಹಾಕಿದ್ದೇನೆ. ಹೊಸ ಬ್ಯಾಟರಿ ಎರಡೇ ದಿನಕ್ಕೆ ಖಾಲಿ. ಮಳೆಯ ತೇವಕ್ಕೆ ಹೀಗಾಗಿದೆಯಾ?

ಉತ್ತರ: ಕೊಡಗಿನಲ್ಲಿ ಏನು ಕೆಟ್ಟರೂ ಮೊದಲ ಬೈಗುಳ ಮಳೆಗೆ. ಜೂನ್ ಬಂತೆಂದರೆ ಮಡಿಕೇರಿಯ ನನ್ನ ಅಂಗಡಿಗೆ ಮಿಕ್ಸಿ ತರುವವರೂ ಇದೇ ಮಾತು ಹೇಳುತ್ತಾರೆ. ಈ ಸಲ ಮಳೆಯ ತಪ್ಪಿಲ್ಲ. ನೀವು ಅಳತೆ ಮಾಡಿ ಬರೆದಿದ್ದೀರಿ, ಅದೇ ನನಗೆ ಖುಷಿ. ಹೆಚ್ಚಿನವರು ‘ಸೌಂಡ್ ಬರ್ತಿಲ್ಲ’ ಎಂದಷ್ಟೇ ಬರೆದು ಸುಮ್ನೆ ಬಿಡುತ್ತಾರೆ.

ಆ 1.2 ವೋಲ್ಟೇ ಎಲ್ಲ ಹೇಳುತ್ತಿದೆ. 9 ವೋಲ್ಟ್ ಬ್ಯಾಟರಿಯಾದರೆ ಅಲ್ಲಿ ಅರ್ಧ, ಅಂದರೆ 4.5ರ ಆಸುಪಾಸು ಇರಬೇಕು. ಈಗ ಒಂದು ಬಿಸಿ547 ಕೈಯಲ್ಲಿ ಹಿಡಿಯಿರಿ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ. ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಇದು ಪೂರಾ ಉಲ್ಟಾ: ಎಮಿಟರ್, ಬೇಸ್, ಕಲೆಕ್ಟರ್. ಬೇಸ್ ಎರಡರಲ್ಲೂ ನಡುವೆಯೇ ಇರುವುದರಿಂದ ಎಲ್ಲ ಸರಿ ಅಂತಲೇ ಅನಿಸುತ್ತದೆ. ನಾನೂ ಮೋಸಹೋದವನೇ. ಒಂದು ಇಡೀ ಭಾನುವಾರ ಹೋಗಿತ್ತು.

ತಿರುಗಿ ನಿಂತ ಟ್ರಾನ್ಸಿಸ್ಟರ್ ಪೂರ್ತಿ ಸತ್ತಿರುವುದಿಲ್ಲ, ಅದೇ ತೊಂದರೆ. ನೂರಾರು ಇರಬೇಕಾದ ಗೇನ್ (ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವುದು) ಬೆರಳೆಣಿಕೆಗೆ ಇಳಿದಿರುತ್ತದೆ. ನಿಮ್ಮ ಚಿತ್ರದಲ್ಲಿ ಮೊದಲ ಟ್ರಾನ್ಸಿಸ್ಟರಿಗೆ 33ಕೆ, ಅಂದರೆ 33 ಕಿಲೋ ಓಮ್ ರೆಸಿಸ್ಟರ್ ಇದೆಯಲ್ಲ, ಅದರಲ್ಲಿ ಬರುವ ಕರೆಂಟನ್ನು ಅದು ಎಳೆದುಕೊಳ್ಳಬೇಕಿತ್ತು. ಎಳೆಯಲಾಗುತ್ತಿಲ್ಲ. ಎಲ್ಲ ಎರಡನೆಯದರ ಬೇಸಿಗೆ ನುಗ್ಗಿ, ಅದು ಬಾಗಿಲು ತೆರೆದುಕೊಂಡು ಕೂತುಬಿಟ್ಟಿದೆ. ಜೋರು ಪೆಟ್ಟು ಬಿದ್ದರೆ ಮಾತ್ರ ಒಂದಿಷ್ಟು ಅಲುಗಾಡುತ್ತದೆ. ನಿಮ್ಮ ‘ಪರ್’ ಅದೇ.

ಎರಡನ್ನೂ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಹಾಕಿ. ಆಮೇಲೂ ಸುಮಾರು 3 ವೋಲ್ಟೇ ಕಾಣಬಹುದು, ಗಾಬರಿ ಬೇಡ. ನಿಮ್ಮದು 1966ರಲ್ಲಿ ಲಂಡನ್ನಿನಲ್ಲಿ ಬಂದ ಫಝ್ ಫೇಸ್ ಎಂಬ ಪೆಡಲಿನ ಸರ್ಕ್ಯೂಟು. ಅದರ 8.2ಕೆ ರೆಸಿಸ್ಟರ್ ಮೂಲತಃ ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಇಟ್ಟದ್ದು, ನಮ್ಮದು ಸಿಲಿಕಾನ್. ಆ ರೆಸಿಸ್ಟರಿನ ಜಾಗದಲ್ಲಿ 10ಕೆ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ, ಮೀಟರ್ 4.5 ತೋರಿಸುವವರೆಗೆ ಸಣ್ಣ ಸ್ಕ್ರೂಡ್ರೈವರಿನಲ್ಲಿ ತಿರುಗಿಸಿ. ಆಮೇಲೆ ಕಿವಿ ಹೇಳಿದಷ್ಟು ಆಚೆ ಈಚೆ.

ಇಷ್ಟಾದರೂ ಸದ್ದಿಲ್ಲದಿದ್ದರೆ ಬಿಡಿಭಾಗ ಬದಲಿಸುತ್ತಾ ಕೂರಬೇಡಿ. ಆಂಪ್ಲಿಫೈಯರಿಗೆ ಹೋಗುವ ವೈರಿನ ತುದಿಗೆ 104 ಅಂತ ಬರೆದಿರುವ ಕೆಪಾಸಿಟರ್ ಬೆಸೆಯಿರಿ. ವೈರಿನ ಶೀಲ್ಡನ್ನು (ಹೊರಗಿನ ಜಾಲರಿ) ಸರ್ಕ್ಯೂಟಿನ ಅರ್ಥಿಗೆ ಸೇರಿಸಿ. ತಮ್ಮನ ಕೈಯಲ್ಲಿ ಗಿಟಾರ್ ಬಾರಿಸಲು ಹೇಳಿ, ಕೆಪಾಸಿಟರಿನ ಇನ್ನೊಂದು ಕಾಲನ್ನು ಇನ್‌ಪುಟ್‌ನಿಂದ ಹಿಡಿದು ಒಂದೊಂದೇ ಬೆಸುಗೆಗೆ ಮುಟ್ಟಿಸುತ್ತಾ ಹೋಗಿ. ಸದ್ದು ಎಲ್ಲಿ ನಿಲ್ಲುತ್ತದೋ ಕಳ್ಳ ಅಲ್ಲೇ ಇದ್ದಾನೆ.

ಬ್ಯಾಟರಿ ತಿನ್ನುತ್ತಿರುವುದು ಎಲ್‌ಇಡಿ. ಸರ್ಕ್ಯೂಟಿಗೆ ಬೇಕಾದ್ದು ಒಂದು ಮಿಲಿ ಆಂಪಿಯರ್ ಅಷ್ಟೇ. 470 ಓಮ್ ಹಾಕಿ ದೀಪಕ್ಕೆ 15 ಕೊಟ್ಟಿದ್ದೀರಿ! 4.7ಕೆ ಹಾಕಿ, ಮನೆಯೊಳಗೆ ಅಷ್ಟು ಬೆಳಕು ಸಾಕು. ಬಾರಿಸಿ ಮುಗಿದ ಮೇಲೆ ಸ್ವಿಚ್ ಆರಿಸಿ.

ಮಳೆಯ ಬಗ್ಗೆಯೂ ಒಂದು ಮಾತು. ಬೆಸುಗೆಯ ಸುತ್ತ ಕಂದು ಫ್ಲಕ್ಸ್ ಉಳಿದಿದ್ದರೆ ತೇವ ಹೀರಿಕೊಂಡು ಕರಕರ ಶುರುವಾದೀತು. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಉಜ್ಜಿ. ಆಗ ಹತ್ತಿರ ಒಲೆ, ಬೆಂಕಿ ಬೇಡ.

ಪ್ರಶ್ನೆ: ಬ್ಯಾಟರಿಯಲ್ಲಿ ನನ್ನ ಪೆಡಲ್ ಚೆನ್ನಾಗಿದೆ. ಹಳೆಯ 9 ವೋಲ್ಟ್ ಅಡಾಪ್ಟರ್ ಹಾಕಿದರೆ ‘ಗುಂಯ್’. ಏನು ಮಾಡಲಿ? (ಸುಂಟಿಕೊಪ್ಪದಿಂದ)

ಉತ್ತರ: ತೂಕದ, ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್ ಅಲ್ವಾ? ಒಳಗಿನ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು ಅಥವಾ ಮೊದಲೇ ಚಿಕ್ಕದಿರಬಹುದು. ಪೆಡಲ್ ಜೋಡಿಸಿಯೇ ಮೀಟರ್ ಇಟ್ಟು ನೋಡಿ. 9 ಅಂತ ಬರೆದಿದ್ದರೂ ಇವು 12, 13 ಕೊಡುವುದುಂಟು. ಹಾಗಿದ್ದರೆ ಒಳ್ಳೆಯದೇ ಆಯಿತು: 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್, ಅದರ ಮುಂದೆ ಒಂದು 7809, ಅಂದರೆ 9 ವೋಲ್ಟಿಗೆ ಸ್ಥಿರಗೊಳಿಸುವ ರೆಗ್ಯುಲೇಟರ್. 11ಕ್ಕಿಂತ ಕಡಿಮೆ ಇದ್ದರೆ 7809 ಕೆಲಸ ಮಾಡದು, ಬ್ಯಾಟರಿಯಲ್ಲೇ ಬಾರಿಸಿ. ಪಿನ್ನಿನ ಪ್ಲಸ್ ಮೈನಸ್ ನೋಡಿಯೇ ಚುಚ್ಚಿ. ಗಿಟಾರ್ ಪೆಡಲುಗಳಲ್ಲಿ ಸಾಮಾನ್ಯವಾಗಿ ನಡುವಿನದು ಮೈನಸ್.